ಐದು ಸೆಕೆಂಡಿನ ಸಂದೇಶಕ್ಕೆ ಆರು ಜನರ ತಕರಾರು

ವೆಬ್ ಪುಟದ ವಿನ್ಯಾಸ ಮುಗಿದ ಮೇಲೆ ಅಂಗವಿಕಲರನ್ನು ಪರೀಕ್ಷೆಗೆ ಕರೆದರೆ ಸಾಕು ಎನ್ನುವವರೇ ಹೆಚ್ಚು. ಎರಡು ಆವೃತ್ತಿ ಹಾಗೇ ಮಾಡಿ ಕೈ ಸುಟ್ಟುಕೊಂಡೆ. ಫಾರ್ಮುಗಳನ್ನು ಬುಡದಿಂದ ಬರೆಯಬೇಕಾಗಿ ಬಂದು ಬಜೆಟ್ಟಿನ ಕಾಲು ಭಾಗ ಅಲ್ಲೇ ಕರಗಿತು. ಮೂರನೇ ಸಲ ಮೊದಲ ಗೆರೆ ಎಳೆಯುವ ಮುಂಚೆಯೇ ಆರು ಜನರನ್ನು ಕೂರಿಸಿದೆ: ಪರದೆಯಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರಿನವರು ಮೂವರು, ಪರದೆ ಹಿಗ್ಗಿಸಿ ನೋಡುವವರು, ಕೀಲಿಮಣೆಯ ಬದಲು ಒಂದೆರಡು ಗುಂಡಿಗಳ ಸ್ವಿಚ್ ಬಳಸುವವರು, ಸಂಜ್ಞಾ ಭಾಷೆಯವರು ಒಬ್ಬೊಬ್ಬರು. ಸಂಭಾವನೆ ಡೆವಲಪರ್‌ಗೆ ಕೊಡುವ ಗಂಟೆಯ ದರದಲ್ಲೇ. ಸಂಜ್ಞಾ ಭಾಷೆಗೆ ದುಭಾಷಿಗಳು ಇಬ್ಬರಿರಲೇಬೇಕು, ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಕೈ ಬದಲಾಯಿಸುತ್ತಾರೆ. ಒಬ್ಬರಲ್ಲೇ ಮುಗಿಸಲು ಹೋಗಿ ಅರ್ಧ ದಿನ ಹಾಳಾಯಿತು. ಎಲ್ಲ ಸೇರಿ ಬಜೆಟ್ಟಿನ ಹತ್ತರಲ್ಲೊಂದು ಭಾಗ ದಾಟಿರಲಾರದು.

ಬರೀ ಚಿತ್ರದ ಪ್ರೊಟೊಟೈಪ್ (ಮಾದರಿ ಪುಟ) ಬಿಟ್ಟೆ, ಸ್ಕ್ರೀನ್ ರೀಡರಿಗೆ ಅದು ಹೆಚ್ಚುಕಡಿಮೆ ಖಾಲಿ ಹಾಳೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಮ್‌ಎಲ್‌ನಲ್ಲಿ ಬಣ್ಣವಿಲ್ಲದ ಪುಟ ಸಾಕು: ಹೆಡಿಂಗ್, ಲೇಬಲ್, ನಿಜವಾದ ಬಟನ್. ಅವರವರ ಯಂತ್ರದಲ್ಲೇ ತೆರೆಯಲಿ. ಯೋಚಿಸುತ್ತಲೇ ಹೇಳುತ್ತಾ ಹೋಗಿ ಎಂದರೆ ಇಲ್ಲಿ ನಡೆಯದು, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮಾತಾಡುವಾಗ ಮನುಷ್ಯ ಎಲ್ಲಿ ಬಾಯಿ ಹಾಕುವುದು? ಕೆಲಸ ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿ ಅವರನ್ನು ಕೇಳಬೇಕು.

ನಮ್ಮನ್ನು ಅತಿ ಹೆಚ್ಚು ಸತಾಯಿಸಿದ್ದು, ಪಟ್ಟಿಯ ಸಾಲೊಂದನ್ನು ಅಳಿಸಿದಾಗ ಐದು ಸೆಕೆಂಡ್ ಕಾಣುವ ‘ಅಳಿಸಲಾಗಿದೆ, ಮರಳಿ ತರಲೇ?’ ಎಂಬ ಪುಟ್ಟ ಸಂದೇಶ. ಸಂದೇಶದ ಡಬ್ಬಿಯನ್ನೂ ಪಠ್ಯವನ್ನೂ ಒಟ್ಟಿಗೆ ಪುಟಕ್ಕೆ ಸೇರಿಸಿದ್ದರಿಂದ ಲೈವ್ ರೀಜನ್ (ಬದಲಾದದ್ದನ್ನು ಸ್ಕ್ರೀನ್ ರೀಡರ್ ತಾನಾಗಿ ಓದಲೆಂದು ಗುರುತಿಸಿದ ಜಾಗ) ಉಸಿರೇ ಎತ್ತಲಿಲ್ಲ. ಖಾಲಿ ಡಬ್ಬಿ ಪುಟ ತೆರೆದಾಗಲೇ ಇರಬೇಕು, ಪಠ್ಯ ಆಮೇಲೆ. ತಕ್ಷಣ ಓದಿಸುವ ‘ಅಸರ್ಟಿವ್’ ಹಾಕಿದೆವು, ನಡುವೆ ಓದುತ್ತಿದ್ದದ್ದನ್ನೇ ಕತ್ತರಿಸಿತು. ಮಾತು ಮುಗಿಯುವ ತನಕ ಕಾಯುವ ‘ಪೊಲೈಟ್’ಗೆ ಬಂದೆವು. ಹಿಗ್ಗಿಸಿ ನೋಡುವವರಿಗೆ ಮೂಲೆಯ ಸಂದೇಶ ಕಣ್ಣಿಗೇ ಬೀಳಲಿಲ್ಲ, ಅಳಿಸಿದ ಸಾಲಿನ ಜಾಗಕ್ಕೇ ತಂದೆವು. ಒಂದೊಂದೇ ಬಟನ್ ದಾಟುತ್ತಾ ಸಾಗುವ ಸ್ವಿಚ್ಚಿನ ಸ್ಕ್ಯಾನ್ ಅಲ್ಲಿಗೆ ತಲುಪುವಷ್ಟರಲ್ಲಿ ಐದು ಸೆಕೆಂಡ್ ಮುಗಿದಿರುತ್ತಿತ್ತು, ಟೈಮರನ್ನೇ ತೆಗೆದೆವು. ಇದಾವುದನ್ನೂ ಸ್ವಯಂಚಾಲಿತ ಪರೀಕ್ಷಕ ಹಿಡಿಯಲಿಲ್ಲ, ಹಸಿರು ಗುರುತು ಕೊಟ್ಟು ಕೂತಿತ್ತು!

ನಡುವೆ ಅಳಿಸಿದ್ದಕ್ಕೊಂದು ‘ಟಿಂಗ್’ ಶಬ್ದವನ್ನೂ ಇಟ್ಟು ನೋಡಿದೆ. ಸ್ಕ್ರೀನ್ ರೀಡರಿನ ವೇಗದ ಮಾತಿನಲ್ಲಿ ಅದು ಗದ್ದಲವಾಯಿತು, ಅದನ್ನು ಬಳಸುವ ಮೂವರೂ ಬೇಡವೆಂದರು. ರಟ್ಟಿನ ಮೇಲೆ ದಾರ ಅಂಟಿಸಿ ಪುಟದ ನಕ್ಷೆ ಮುಟ್ಟಿಸಿದ್ದು ಮಾತ್ರ ಚೆನ್ನಾಗಿ ಫಲಿಸಿತು.

ಕೊನೆಗೆ ಉಳಿದದ್ದು ಫೋಕಸ್, ಅಂದರೆ ಕೀಲಿ ಒತ್ತಿದರೆ ಪುಟದ ಯಾವ ಭಾಗಕ್ಕೆ ತಾಗುತ್ತದೆ ಎಂಬ ಗುರುತು. ಅಳಿಸುವ ಬಟನ್ ಸಾಲಿನೊಂದಿಗೇ ಮಾಯವಾಗುವುದರಿಂದ ಅದು ಪುಟದ ತಲೆಗೆ ಹಾರುತ್ತಿತ್ತು. ಈಗ ‘ಮರಳಿ ತರು’ ಬಟನ್ ಮೇಲೆ ನಿಲ್ಲುತ್ತದೆ, ಸಂದೇಶ ಮುಚ್ಚಿದರೆ ಮುಂದಿನ ಸಾಲಿಗೆ, ಸಾಲೇ ಉಳಿಯದಿದ್ದರೆ ಪಟ್ಟಿಯ ಹೆಡಿಂಗ್‌ಗೆ.