ಡಿಸ್ಕ್ ಇಡುವ ಮೊದಲಿನ ಕೆಲಸ: ಪ್ರತಿಜೀವಕ ಸಂವೇದನೆ ಪರೀಕ್ಷೆಯಲ್ಲಿ ನನ್ನ ಅನುಭವ

ಪ್ರತಿಜೀವಕ ಸಂವೇದನೆಯ ಪರೀಕ್ಷೆ, ಅಂದರೆ ರೋಗಿಯ ಬ್ಯಾಕ್ಟೀರಿಯಾಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡುವ ಪರೀಕ್ಷೆ ಎಂದೊಡನೆ ನೆನಪಿಗೆ ಬರುವುದು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಪ್ಲೇಟಿನ ಮೇಲೆ ಔಷಧ ಹೀರಿದ ಪುಟ್ಟ ಡಿಸ್ಕ್‌ಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಮೂಡುವ ತಿಳಿ ವಲಯಗಳು. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದ ಮೇಲೆ ನನಗೆ ಮನದಟ್ಟಾಗಿರುವುದೇನೆಂದರೆ, ಆ ವಲಯದ ಅಳತೆ ನಂಬಿಕೆಗೆ ಅರ್ಹವೇ ಎಂಬುದು ಬಹುಮಟ್ಟಿಗೆ ಡಿಸ್ಕ್ ಇಡುವ ಮೊದಲೇ ತೀರ್ಮಾನವಾಗಿರುತ್ತದೆ. ಡಿಸ್ಕ್‌ನಲ್ಲಿರುವ ಔಷಧ ಅಗಾರಿನೊಳಗೆ ಹರಡುತ್ತ ಹೋಗುತ್ತದೆ, ಅದೇ ಹೊತ್ತಿಗೆ ಬ್ಯಾಕ್ಟೀರಿಯಾ ವೃದ್ಧಿಯಾಗುತ್ತ ಬರುತ್ತದೆ. ವಲಯದ ಅಂಚು ಎಂದರೆ ಈ ಎರಡರ ಪೈಪೋಟಿ ಇತ್ಯರ್ಥವಾದ ಜಾಗ. ಬಾವರ್, ಕರ್ಬಿ, ಶೆರಿಸ್ ಮತ್ತು ಟರ್ಕ್ ಅವರು 1966ರಲ್ಲಿ ಪ್ರಕಟಿಸಿದ ವಿಧಾನದ ಹಿರಿಮೆ ಇರುವುದು ಆ ಪೈಪೋಟಿಯ ನಿಯಮಗಳನ್ನು ಬಿಗಿಯಾಗಿ ಗೊತ್ತುಪಡಿಸಿದ್ದರಲ್ಲಿ.

ಆ ನಿಯಮಗಳಲ್ಲಿ ನಾನು ಅತ್ಯಂತ ಹೆಚ್ಚು ಗಮನ ಕೊಡುವುದು ಇನಾಕ್ಯುಲಮ್‌ನ, ಅಂದರೆ ಪ್ಲೇಟಿಗೆ ಸವರುವ ಬ್ಯಾಕ್ಟೀರಿಯಾ ದ್ರವದ ಸಾಂದ್ರತೆಗೆ. ಹಿಂದಿನ ದಿನ ಬೆಳೆಸಿದ ಶುದ್ಧ ಕಲ್ಚರ್‌ನಿಂದ, ಒಂದೇ ಬಗೆಯಾಗಿ ಕಾಣುವ ನಾಲ್ಕೈದು ಕಾಲೊನಿಗಳ (ಚುಕ್ಕೆಯಂತೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳ) ತುದಿಯನ್ನು ಲೂಪಿನಿಂದ (ತುದಿಯಲ್ಲಿ ಕುಣಿಕೆಯಿರುವ ತಂತಿಯಿಂದ) ಮುಟ್ಟಿ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಕದಡುತ್ತೇನೆ. ಒಂದೇ ಕಾಲೊನಿ ತೆಗೆದುಕೊಂಡರೆ, ಅದರಲ್ಲಿ ಪ್ರತಿರೋಧದ ಜೀನ್ ಕಳೆದುಹೋಗಿದ್ದ ಪಕ್ಷದಲ್ಲಿ ಇಡೀ ಫಲಿತಾಂಶ ದಾರಿ ತಪ್ಪುತ್ತದೆ. ಕದಡಿದ ದ್ರವದ ಮಬ್ಬು 0.5 ಮ್ಯಾಕ್‌ಫರ್ಲಂಡ್ ಮಾನಕಕ್ಕೆ (ಮಬ್ಬನ್ನು ಹೋಲಿಸಿ ನೋಡುವ ಗೊತ್ತಾದ ದ್ರವಕ್ಕೆ) ಸರಿಹೊಂದಬೇಕು; ಇ. ಕೋಲೈನಂಥ ಬ್ಯಾಕ್ಟೀರಿಯಾದಲ್ಲಿ ಅದು ಒಂದು ಮಿಲಿಲೀಟರಿಗೆ ಸುಮಾರು 10ರಿಂದ 20 ಕೋಟಿ ಜೀವಕೋಶಗಳಿಗೆ ಸಮ. ಕಪ್ಪು ಗೆರೆಗಳಿರುವ ಬಿಳಿ ಕಾರ್ಡಿನ ಮುಂದೆ ಎರಡು ಟ್ಯೂಬುಗಳನ್ನು ಅಕ್ಕಪಕ್ಕ ಹಿಡಿದು ಹೋಲಿಸುವುದು ಹಳೆಯ ಪದ್ಧತಿ; ಸಾಧ್ಯವಿದ್ದಾಗಲೆಲ್ಲ ನಾನು ಮಬ್ಬುಮಾಪಕವನ್ನೇ ಬಳಸುತ್ತೇನೆ, ಏಕೆಂದರೆ ಸಂಜೆಯ ಹೊತ್ತಿಗೆ ದಣಿದ ಕಣ್ಣು ತೆಳುವಾದುದನ್ನೂ ಸರಿ ಎಂದು ಒಪ್ಪಿಬಿಡುತ್ತದೆ. ಸಾಂದ್ರತೆ ಹೆಚ್ಚಾದರೆ ವಲಯ ಕಿರಿದಾಗಿ, ಕೆಲಸ ಮಾಡಬಲ್ಲ ಔಷಧವೂ ನಿಷ್ಪ್ರಯೋಜಕವೆಂದು ತೋರುತ್ತದೆ. ಕಡಿಮೆಯಾದರೆ ವಲಯ ಹಿಗ್ಗಿ, ನಾಟದ ಔಷಧವು ನಾಟುತ್ತದೆ ಎಂಬ ವರದಿ ಹೊರಬೀಳುತ್ತದೆ. ಎರಡೂ ತಪ್ಪೇ ಆದರೂ ರೋಗಿಯ ಮಟ್ಟಿಗೆ ಎರಡನೆಯದು ಹೆಚ್ಚು ಅಪಾಯಕಾರಿ.

ಹೀಗೆ ಸಿದ್ಧವಾದ ದ್ರವವನ್ನು 15 ನಿಮಿಷದೊಳಗೆ ಬಳಸಬೇಕು. ಸ್ವಾಬನ್ನು ಅದ್ದಿ, ಟ್ಯೂಬಿನ ಒಳಗೋಡೆಗೆ ಒತ್ತಿ ತಿರುಗಿಸಿ ಹೆಚ್ಚಿನ ದ್ರವವನ್ನು ಹಿಂಡಿ, ಈ ಪರೀಕ್ಷೆಗೆಂದೇ ಬಳಸುವ ಮ್ಯುಲ್ಲರ್-ಹಿಂಟನ್ ಅಗಾರಿನ ಮೇಲೆ ಪ್ರತಿ ಸಲ ಪ್ಲೇಟನ್ನು 60 ಡಿಗ್ರಿ ತಿರುಗಿಸುತ್ತ ಮೂರು ಸಲ ಪೂರ್ತಿಯಾಗಿ ಸವರಿ, ಕೊನೆಗೆ ಅಂಚಿನ ಸುತ್ತ ಒಮ್ಮೆ ಎಳೆಯುತ್ತೇನೆ. ಅಗಾರಿನ ದಪ್ಪ 4 ಮಿ.ಮೀ. ಇರಬೇಕು; ತೆಳುವಾದರೆ ಔಷಧ ಕೆಳಗೆ ಇಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹೆಚ್ಚು ಹರಡಿ ವಲಯ ದೊಡ್ಡದಾಗುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಮಿತಿಮೀರಿದ ಅಗಾರಿನಲ್ಲಿ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಜೆಂಟಮೈಸಿನ್ ಎಂಬ ಪ್ರತಿಜೀವಕಕ್ಕೆ ಇಲ್ಲದ ಪ್ರತಿರೋಧವನ್ನು ತೋರಿಸುತ್ತದೆ. ಡಿಸ್ಕ್ ಒಮ್ಮೆ ಅಗಾರನ್ನು ತಾಕಿತೆಂದರೆ ಅದನ್ನು ಸರಿಸುವಂತಿಲ್ಲ, ಔಷಧ ಆ ಕ್ಷಣದಿಂದಲೇ ಇಳಿಯತೊಡಗಿರುತ್ತದೆ. ಅದಾದ ಮೇಲೆ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 16ರಿಂದ 18 ಗಂಟೆ ಇಟ್ಟರೆ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಸಾಕು.

ಬೆಳಿಗ್ಗೆ ನಾನು ಮೊದಲು ಓದುವುದು ರೋಗಿಯ ಪ್ಲೇಟನ್ನಲ್ಲ, ಗುಣಮಟ್ಟ ನಿಯಂತ್ರಣದ ಪ್ಲೇಟನ್ನು. ಫಲಿತಾಂಶ ಮೊದಲೇ ಗೊತ್ತಿರುವ, ಎಟಿಸಿಸಿ 25922 ಎಂಬ ಇ. ಕೋಲೈ ತಳಿಯ ಪ್ಲೇಟಿನಲ್ಲಿ ಜೆಂಟಮೈಸಿನ್ ಡಿಸ್ಕ್ ಸುತ್ತಲಿನ ವಲಯ 19ರಿಂದ 26 ಮಿ.ಮೀ. ಒಳಗೆ ಬರಬೇಕು; ಬಾರದಿದ್ದರೆ ಕಾರಣ ಸಿಗುವವರೆಗೆ ಆ ಔಷಧದ ಒಂದು ವರದಿಯನ್ನೂ ಬಿಡುವುದಿಲ್ಲ, ವಾರ್ಡಿನಿಂದ ಎಷ್ಟೇ ಕರೆ ಬಂದರೂ ಸರಿ.

ಓದುವಾಗ ಅಳತೆಗಿಂತ ಮೊದಲು ಆಕಾರವನ್ನು ನೋಡುವುದು ನನಗೆ ರೂಢಿಯಾಗಿದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಪ್ಲೇಟಿನಲ್ಲಿ 15 ಮೈಕ್ರೋಗ್ರಾಂ ಎರಿಥ್ರೊಮೈಸಿನ್ ಡಿಸ್ಕನ್ನೂ 2 ಮೈಕ್ರೋಗ್ರಾಂ ಕ್ಲಿಂಡಮೈಸಿನ್ ಡಿಸ್ಕನ್ನೂ ಪಕ್ಕಪಕ್ಕದಲ್ಲಿ, 15ರಿಂದ 26 ಮಿ.ಮೀ. ಅಂತರದಲ್ಲಿ ಇಡುತ್ತೇವೆ. ಕ್ಲಿಂಡಮೈಸಿನ್ ಸುತ್ತ ವಿಶಾಲವಾದ ವಲಯವಿದ್ದು, ಎರಿಥ್ರೊಮೈಸಿನ್ ಕಡೆಯ ಅಂಚು ಮಾತ್ರ ನೇರವಾಗಿ ಕತ್ತರಿಸಿದಂತೆ ಚಪ್ಪಟೆಯಾಗಿ, ಇಡೀ ವಲಯ ಇಂಗ್ಲಿಷಿನ 'ಡಿ' ಅಕ್ಷರದಂತೆ ಕಂಡರೆ ಎಚ್ಚರಗೊಳ್ಳಬೇಕು. ಎರಿಥ್ರೊಮೈಸಿನ್ ತಾಗಿದ ಕಡೆ ಬ್ಯಾಕ್ಟೀರಿಯಾದ ಅಡಗಿದ್ದ ಪ್ರತಿರೋಧ ಜಾಗೃತವಾಗಿದೆ ಎಂಬುದಕ್ಕೆ ಅದು ಗುರುತು. ಸ್ಕೇಲಿನ ಅಳತೆ ಸಂವೇದನೆಯನ್ನೇ ಹೇಳುತ್ತಿದ್ದರೂ ಕ್ಲಿಂಡಮೈಸಿನ್‌ಗೆ ಪ್ರತಿರೋಧವಿದೆ ಎಂದೇ ವರದಿ ಮಾಡಬೇಕು. ಇಂಥ ಪ್ಲೇಟನ್ನು ಹೊಸಬರ ಕೈಗೆ ಕೊಟ್ಟು, ಸ್ಕೇಲು ಮುಟ್ಟದೆ ಮೊದಲು ಸುಮ್ಮನೆ ನೋಡುವಂತೆ ಹೇಳುತ್ತೇನೆ.

ಡಿಸ್ಕ್ ವಿಧಾನ ಸಲ್ಲದ ಕಡೆಯೂ ಇದೆ. ಕೊಲಿಸ್ಟಿನ್ ಎಂಬ ಪ್ರತಿಜೀವಕದ ಅಣು ದೊಡ್ಡದು, ಅಗಾರಿನಲ್ಲಿ ಸರಿಯಾಗಿ ಹರಡದು. ಆದ್ದರಿಂದ ಅದಕ್ಕೆ ಬ್ರಾತ್ ಮೈಕ್ರೋಡೈಲ್ಯೂಷನ್ ವಿಧಾನವನ್ನೇ, ಅಂದರೆ ದ್ರವ ಮಾಧ್ಯಮದಲ್ಲಿ ಔಷಧವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡುವುದನ್ನೇ ಅನುಸರಿಸುತ್ತೇನೆ. ಪ್ಲೇಟಿನ ಸಾಲುಗುಳಿಗಳಲ್ಲಿ ಔಷಧದ ಪ್ರಮಾಣ ಮಿಲಿಲೀಟರಿಗೆ 0.25, 0.5, 1, 2, 4 ಮೈಕ್ರೋಗ್ರಾಂ ಎಂದು ಇಮ್ಮಡಿಯಾಗುತ್ತ ಹೋಗುತ್ತದೆ. ಪ್ರತಿ ಗುಳಿಯಲ್ಲೂ ಮಿಲಿಲೀಟರಿಗೆ ಸುಮಾರು 5 ಲಕ್ಷ ಜೀವಕೋಶಗಳಿರುವಂತೆ ನೋಡಿಕೊಳ್ಳಬೇಕು. ಬರಿಗಣ್ಣಿಗೆ ಬೆಳವಣಿಗೆ ಕಾಣದ ಮೊದಲ ಗುಳಿಯಲ್ಲಿರುವುದೇ ಎಂಐಸಿ, ಅಂದರೆ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಪ್ರಮಾಣ. ಒಂದು ಔಷಧದ ಎಂಐಸಿ 1 ಎಂದೂ ಮತ್ತೊಂದರದು 4 ಎಂದೂ ಬಂದಾಗ ಮೊದಲನೆಯದೇ ಮೇಲೆಂದು ಭಾವಿಸುವ ವೈದ್ಯರಿದ್ದಾರೆ. ಪ್ರತಿ ಔಷಧಕ್ಕೂ ಅದರದೇ ಮಿತಿಯಂಕ (ಔಷಧ ನಾಟುತ್ತದೆಯೋ ಇಲ್ಲವೋ ಎಂದು ನಿರ್ಧರಿಸುವ ಗಡಿ ಅಂಕ) ಇರುವುದರಿಂದ ಆ ಹೋಲಿಕೆಗೆ ಅರ್ಥವಿಲ್ಲ. ಹಾಗಾಗಿ ಎಂಐಸಿ ಬರೆದ ಪ್ರತಿ ವರದಿಯಲ್ಲೂ ಆ ಮಿತಿಯಂಕವನ್ನು ಪಕ್ಕದಲ್ಲೇ ನಮೂದಿಸುತ್ತೇನೆ.