135 ಹೆಸರುಗಳಲ್ಲಿ ನನ್ನದೂ ಒಂದು

"ಸಹಿ ಹಾಕುತ್ತಿದ್ದೆ ಕಣೇ, ಆದರೆ ನಾನಿನ್ನೂ ಗ್ರೀನ್ ಕಾರ್ಡಿನವಳು, ಮತದ ಹಕ್ಕಿಲ್ಲ" ಎಂದು ಗೆಳತಿ ಪೆನ್ನನ್ನು ನನ್ನ ಕೈಗೇ ಮರಳಿಸಿದಳು.

ಅಂದು 2003ರ ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬ. ಸ್ಯಾನ್ ಹೋಸೆಯ ನಮ್ಮ ಮನೆಯಲ್ಲಿ ತಾಂಬೂಲದ ತಟ್ಟೆಯ ಪಕ್ಕದಲ್ಲೇ ನಾಮಪತ್ರದ ಸಹಿ ಹಾಳೆ ಇಟ್ಟಿದ್ದೆ. ಕ್ಯಾಲಿಫೋರ್ನಿಯಾದ ಗವರ್ನರ್ ಗ್ರೇ ಡೇವಿಸ್ ಅವರನ್ನು ಅವಧಿಗೆ ಮುನ್ನವೇ ಕೆಳಗಿಳಿಸುವ ರೀಕಾಲ್ ಚುನಾವಣೆ ಘೋಷಣೆಯಾಗಿತ್ತು. ಅವರ ಜಾಗಕ್ಕೆ ಸ್ಪರ್ಧಿಸಲು 65 ಮತದಾರರ ಸಹಿ ಮತ್ತು 3,500 ಡಾಲರ್ ಶುಲ್ಕ ಸಾಕು. ಮರುದಿನವೇ ಕೊನೆಯ ದಿನ. ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಮತದ ಹಕ್ಕಿದ್ದವರು ಮೂವರು ಮಾತ್ರ.

ಉಳಿದ ಸಹಿಗಳನ್ನು ಕೊಟ್ಟವರು ನನ್ನ ವಿದ್ಯಾರ್ಥಿಗಳು. ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಗೆ ನಾನು ಬೀಜಗಣಿತ ಕಲಿಸುತ್ತಿದ್ದೆ. ರಾಜ್ಯದ ಬಜೆಟ್ಟಿನಲ್ಲಿ 3,800 ಕೋಟಿ ಡಾಲರ್ ಕೊರತೆ ಬಿದ್ದು, ಕಾಲೇಜಿನ ಶುಲ್ಕ ಯೂನಿಟ್ಟಿಗೆ, ಎಂದರೆ ಪಾಠದ ಒಂದು ಅಳತೆಗೆ, 11 ಡಾಲರಿನಿಂದ 18ಕ್ಕೆ ಏರಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಒಬ್ಬಾತ ನೋಟ್‌ಬುಕ್ಕಿನ ಅಂಚಿನಲ್ಲಿ 33, 54 ಎಂದು ಬರೆದು, ಎರಡರ ನಡುವೆ ಗೆರೆ ಎಳೆದು ತೋರಿಸಿದ. ಮೂರು ಯೂನಿಟ್ಟಿನ ಒಂದು ವಿಷಯಕ್ಕೆ ಹಿಂದೆ ಇದ್ದದ್ದು, ಈಗ ಆದದ್ದು. ಆ ಸಲ ಎರಡು ವಿಷಯ ತೆಗೆದುಕೊಳ್ಳಬೇಕಿದ್ದವನು ಒಂದನ್ನು ಬಿಟ್ಟ. ನಾನು ಸ್ಪರ್ಧೆಗೆ ಇಳಿದದ್ದು ಆ ಗೆರೆಯಿಂದ.

"ಆ 3,500 ಡಾಲರನ್ನು ಮಕ್ಕಳ ಶುಲ್ಕಕ್ಕೇ ಕಟ್ಟಬಹುದಲ್ಲ?" ಎಂದು ನಮ್ಮವರು ಕೇಳಿದರು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿದೆ: 194 ಯೂನಿಟ್. ಅರವತ್ತು ನಾಲ್ಕು ಮಕ್ಕಳ ಒಂದೊಂದು ವಿಷಯ. ಅದು ಆ ಒಂದು ಸೆಮಿಸ್ಟರಿಗೆ ಮುಗಿದುಹೋಗುತ್ತದೆ, ಶುಲ್ಕ ಮಾತ್ರ ಹಾಗೆಯೇ ಉಳಿಯುತ್ತದೆ ಎಂದೆ. ಅವರು ಚೆಕ್ ಬರೆದುಕೊಟ್ಟರು. ಇಷ್ಟಾದರೂ ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಕಣದಲ್ಲಿ ಉಳಿದವರು 135 ಮಂದಿ. ಮತಪತ್ರದಲ್ಲಿ ಹೆಸರುಗಳ ಕ್ರಮಕ್ಕೆ ಅಕ್ಷರಗಳ ಚೀಟಿ ಎತ್ತಿದರು. ಆರ್, ಡಬ್ಲ್ಯೂ, ಕ್ಯೂ, ಓ ಎಂದು ಹೊಸ ವರ್ಣಮಾಲೆಯೇ ಹುಟ್ಟಿತು. ರಾಜ್ಯದ 80 ಅಸೆಂಬ್ಲಿ ಕ್ಷೇತ್ರಗಳಲ್ಲಿ ಒಂದರಿಂದ ಮುಂದಿನದಕ್ಕೆ ಹೋದಂತೆ ಮೇಲಿನ ಹೆಸರು ಕೆಳಕ್ಕಿಳಿದು, ಪಟ್ಟಿ ಒಂದೊಂದು ಹೆಸರಿನಂತೆ ಸರಿಯುತ್ತಿತ್ತು. ಹಾಗಾಗಿ "ಇಷ್ಟನೆಯ ಸಾಲಿನಲ್ಲಿ ನನ್ನ ಹೆಸರಿದೆ" ಎಂದು ಯಾರಿಗೂ ಹೇಳುವಂತಿರಲಿಲ್ಲ. ಹೆಸರಿನ ಕೆಳಗೆ ವೃತ್ತಿಗೆ ಮೂರು ಪದಗಳ ಮಿತಿ. ಕಾಲೇಜು ಗಣಿತ ಅಧ್ಯಾಪಕಿ ಎಂದು ಬರೆಸಿದೆ.

ಪ್ರಚಾರಕ್ಕೆ ಹಳದಿ ಕಾಗದದ ಚೀಟಿಯೊಂದೇ. ಅದರಲ್ಲಿ ನನ್ನ ಫೋಟೊ ಇರಲಿಲ್ಲ. 11, 18 ಎಂಬ ಎರಡು ಅಂಕಿ ದಪ್ಪಗೆ, ಕೆಳಗೆ ಸಣ್ಣದಾಗಿ ನನ್ನ ಹೆಸರು. ಸಂಜೆ ಕಾಲೇಜುಗಳ ಪಾರ್ಕಿಂಗ್ ಜಾಗದಲ್ಲಿ ನಿಂತು ಹಂಚುತ್ತಿದ್ದೆ. ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಎರಡು ಪ್ರಶ್ನೆಗಳ ಮತಪತ್ರವನ್ನು ವಿವರಿಸಲು. ಮೊದಲನೆಯದು, ಡೇವಿಸ್ ಅವರನ್ನು ಇಳಿಸಬೇಕೇ? ಇದಕ್ಕೆ ಬಹುಮತ ಬೇಕು. ಎರಡನೆಯದು, ಇಳಿಸಿದರೆ ಯಾರು? ಅಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದರೂ ಗೆಲುವು. ಮೊದಲನೆಯದಕ್ಕೆ 'ಬೇಡ' ಎನ್ನಿ, ಆಮೇಲೆ ಬೇಕಿದ್ದರೆ ನನಗೆ ಹಾಕಿ ಎನ್ನುತ್ತಿದ್ದೆ. ಕುರ್ಚಿಯಲ್ಲಿ ಕೂತವರು ಬದಲಾದ ಮಾತ್ರಕ್ಕೆ ಬಜೆಟ್ಟಿನ ಕೊರತೆ ತುಂಬುವುದಿಲ್ಲ, ಆ ಕೊರತೆಯನ್ನು ಯಾರ ಜೇಬಿನಿಂದ ತುಂಬುತ್ತೀರಿ ಎಂಬುದೇ ನನ್ನ ಜಗಳವಾಗಿತ್ತು. ಬಹಳ ಜನ ತಬ್ಬಿಬ್ಬಾಗಿ ನೋಡಿದರು. ಕೆಲವರು ಕಾರಿನ ಬಾಗಿಲು ಮುಚ್ಚಿ, ಎಂಜಿನ್ ಆರಿಸಿ, ಪೂರ್ತಿ ಕೇಳಿಸಿಕೊಂಡರು.

ನಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮತ ಹಾಕಲು ಆಗಿನ್ನೂ ತೂತು ಹೊಡೆಯುವ ಕಾರ್ಡುಗಳಿದ್ದವು. ಅಂಥ ಕಾರ್ಡುಗಳಲ್ಲಿ ತಪ್ಪು ಹೆಚ್ಚು ಎಂಬ ಕಾರಣಕ್ಕೆ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಚುನಾವಣೆಯನ್ನೇ ಮುಂದೂಡಿ, ಎಂಟು ದಿನಗಳಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ ಆ ತಡೆಯನ್ನು ತೆರವುಗೊಳಿಸಿತು. ಅಕ್ಟೋಬರ್ 7ರಂದು ಹಾಳೆ ಹಾಳೆ ತಿರುವಿ ನನ್ನ ಹೆಸರನ್ನು ಹುಡುಕಿ, ಚುಚ್ಚಿದೆ. ಕಾರ್ಡನ್ನು ಬೆಳಕಿಗೆ ಹಿಡಿದು, ಹಿಂಬದಿಗೆ ಅಂಟಿದ್ದ ಕಾಗದದ ಚೂರನ್ನು ಉಗುರಿನಿಂದ ಕಿತ್ತೆ.

ಡೇವಿಸ್ ಕೆಳಗಿಳಿದರು. 42 ಲಕ್ಷ ಮತ ಪಡೆದು ಆರ್ನಾಲ್ಡ್ ಶ್ವಾರ್ಜನೆಗರ್ ಗವರ್ನರ್ ಆದರು. ನನಗೆ ಬಿದ್ದದ್ದು ಕೆಲವು ನೂರು.

2004ರಲ್ಲಿ ಕಾಲೇಜು ಶುಲ್ಕ ಯೂನಿಟ್ಟಿಗೆ 26 ಡಾಲರ್ ಆಯಿತು. ಉಳಿದಿದ್ದ ಹಳದಿ ಚೀಟಿಗಳ ಕಟ್ಟನ್ನು ಬಿಚ್ಚಿ, ಒಂದೊಂದರಲ್ಲೂ 18ರ ಪಕ್ಕ ಪೆನ್ನಿನಿಂದ 26 ಎಂದು ಬರೆದು, ಸಂಜೆ ಮತ್ತೆ ಪಾರ್ಕಿಂಗ್ ಜಾಗಕ್ಕೆ ಹೋದೆ.