ಕೈಬಿಟ್ಟರೆ 21, ಇಟ್ಟುಕೊಂಡರೆ 15: ನಾನು ಸ್ಯಾಲರಿ ಕ್ಯಾಪ್ ಕಲಿತಿದ್ದು ಹೀಗೆ

ನನ್ನೂರು ಹಾಸನ, ಈಗ ಇರೋದು ಫಿಲಡೆಲ್ಫಿಯಾ ಹತ್ತಿರ. ಇಲ್ಲಿಗೆ ಬಂದ ಮೊದಲೆರಡು ವರ್ಷ ಅಮೆರಿಕನ್ ಫುಟ್‌ಬಾಲ್ ತಲೆಬುಡ ಅರ್ಥ ಆಗಿರಲಿಲ್ಲ. ಆಮೇಲೆ ಆಟ ಹಿಡಿಸಿತು. ಆಟಕ್ಕಿಂತ ಜಾಸ್ತಿ ಹಿಡಿಸಿದ್ದು ಅದರ ಹಿಂದಿನ ದುಡ್ಡಿನ ಲೆಕ್ಕ.

2019ರಿಂದ ನಾವು 12 ಜನ ಸೇರಿ ಒಂದು ಫ್ಯಾಂಟಸಿ ಲೀಗ್ ನಡೆಸುತ್ತಿದ್ದೇವೆ, ಅಂದರೆ ನಿಜವಾದ ಆಟಗಾರರನ್ನಿಟ್ಟು ಆಡುವ ಕಾಲ್ಪನಿಕ ತಂಡಗಳ ಆಟ. ಎಲ್ಲರೂ ಆಡುವ ಥರದ್ದಲ್ಲ. ಹರಾಜಿನಲ್ಲಿ ಆಟಗಾರನನ್ನು ಕೊಂಡ ಮೇಲೆ ಅವನಿಗೆ ಒಪ್ಪಂದ ಬರೆಯಬೇಕು, ಎಷ್ಟು ವರ್ಷ, ಯಾವ ವರ್ಷ ಎಷ್ಟು ಸಂಬಳ, ಸೈನಿಂಗ್ ಬೋನಸ್ ಎಷ್ಟು ಅಂತ. ನಿಯಮಗಳೆಲ್ಲ ಹೆಚ್ಚು ಕಡಿಮೆ ಎನ್‌ಎಫ್‌ಎಲ್‌ನದ್ದೇ, ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗಿನದ್ದೇ. ನಮ್ಮ ಕ್ಯಾಪ್ (ಒಂದು ತಂಡ ಒಂದು ವರ್ಷಕ್ಕೆ ಆಟಗಾರರ ಮೇಲೆ ಹಾಕಬಹುದಾದ ದುಡ್ಡಿನ ಮಿತಿ) ಕೂಡ ಆ ವರ್ಷದ ಎನ್‌ಎಫ್‌ಎಲ್ ಕ್ಯಾಪ್ ಎಷ್ಟೋ ಅಷ್ಟೇ. ನಿಜವಾದ ದುಡ್ಡು ಒಂದು ಪೈಸೆಯೂ ಇಲ್ಲ, ಬರೀ ಅಂಕಿ. ಆದರೂ ಎನ್‌ಎಫ್‌ಎಲ್‌ನ ಹೊಸ ಲೆಕ್ಕದ ವರ್ಷ ಶುರುವಾಗುವ ಮಾರ್ಚ್ ಬಂತೆಂದರೆ ನನಗೆ ರಾತ್ರಿ ನಿದ್ದೆ ಬರೋದಿಲ್ಲ.

ಐಪಿಎಲ್ ಹರಾಜು ನೋಡಿದವರಿಗೆ ಇದರ ಅರ್ಧ ಈಗಾಗಲೇ ಗೊತ್ತು. ಎಲ್ಲ ತಂಡಕ್ಕೂ ಒಂದೇ ಪರ್ಸ್, ಅದರೊಳಗೇ ಎಲ್ಲ ಆಗಬೇಕು. ವ್ಯತ್ಯಾಸ ಇರೋದು ಒಬ್ಬನನ್ನು ಕೈಬಿಟ್ಟಾಗ. ಐಪಿಎಲ್‌ನಲ್ಲಿ ಬಿಟ್ಟವನ ದುಡ್ಡು ಪೂರ್ತಿ ಪರ್ಸಿಗೆ ವಾಪಸ್ ಬರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಸೈನಿಂಗ್ ಬೋನಸ್ ಅಂತ ಕೊಟ್ಟ ದುಡ್ಡು ಆಟಗಾರನ ಕೈಗೆ ಮೊದಲೇ ಹೋಗಿರುತ್ತದೆ, ಕ್ಯಾಪ್ ಲೆಕ್ಕದಲ್ಲಿ ಮಾತ್ರ ಅದನ್ನು ಹೆಚ್ಚೆಂದರೆ 5 ವರ್ಷಕ್ಕೆ ಸಮನಾಗಿ ಕಂತು ಮಾಡಿ ಹಾಕುತ್ತಾರೆ. ನಡುವೆ ಕೈಬಿಟ್ಟರೆ ಉಳಿದ ಕಂತೆಲ್ಲ ಒಟ್ಟಿಗೆ ಬಂದು ತಲೆ ಮೇಲೆ ಬೀಳುತ್ತದೆ. ಅದಕ್ಕೇ ಡೆಡ್ ಮನಿ ಅನ್ನೋದು. ಆಟಗಾರ ಇಲ್ಲ, ಲೆಕ್ಕ ಮಾತ್ರ ಇದೆ.

ಇದನ್ನು ನಾನು ಓದಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ.

2019ರ ಆಗಸ್ಟ್‌ನಲ್ಲಿ ನಮ್ಮ ಮೊದಲ ಹರಾಜು. ಒಬ್ಬ ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದುಕೊಂಡು ಓಡುವವನು) 5 ವರ್ಷಕ್ಕೆ 60 ಮಿಲಿಯನ್ ಡಾಲರ್ ಒಪ್ಪಂದ ಬರೆದೆ. ಅದರಲ್ಲಿ 30 ಸೈನಿಂಗ್ ಬೋನಸ್, ಅಂದರೆ ವರ್ಷಕ್ಕೆ 6. ಉಳಿದ 30 ಸಂಬಳ. ಅದನ್ನು 1, 5, 8, 8, 8 ಅಂತ ಹಂಚಿದೆ. ಮೊದಲ ವರ್ಷದ ಕ್ಯಾಪ್ ಹಿಟ್, ಅಂದರೆ ಆ ವರ್ಷದ ಕ್ಯಾಪ್ ಲೆಕ್ಕಕ್ಕೆ ಬೀಳುವ ಮೊತ್ತ, ಬರೀ 7. ಅಷ್ಟು ಒಳ್ಳೆಯ ಆಟಗಾರ 7ಕ್ಕೆ ಸಿಕ್ಕ ಅಂತ ಆ ರಾತ್ರಿ ಎಷ್ಟು ಖುಷಿ ಆಗಿತ್ತು ಅಂದರೆ, ಉಳಿದ ನಾಲ್ಕು ವರ್ಷದ ಅಂಕಿಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. 2020ರಲ್ಲಿ ಇನ್ನೊಬ್ಬ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಬೇಕಾದ. ಜಾಗ ಇರಲಿಲ್ಲ. ರೀಸ್ಟ್ರಕ್ಚರ್ ಮಾಡಿದೆ. ಅಂದರೆ ಆ ವರ್ಷದ ಸಂಬಳ 5ರಲ್ಲಿ 4ನ್ನು ಬೋನಸ್ ಅಂತ ಬದಲಾಯಿಸಿ ಉಳಿದ ನಾಲ್ಕು ವರ್ಷಕ್ಕೆ ಒಂದೊಂದರಂತೆ ಹರಡಿದೆ. 11 ಇದ್ದ ಹಿಟ್ 8 ಆಯಿತು. ಮೂರು ಉಳಿಸಿದೆ ಅಂದುಕೊಂಡೆ. ಉಳಿಸಿರಲಿಲ್ಲ, ಮುಂದಕ್ಕೆ ತಳ್ಳಿದ್ದೆ ಅಷ್ಟೇ.

ಆ ಸೀಸನ್‌ನಲ್ಲಿ ಅವನ ಮಂಡಿ ಹೋಯಿತು. ಮೊದಲಿನ ಓಟ ಮತ್ತೆ ಬರಲಿಲ್ಲ.

ಅದೇ ಹೊತ್ತಿಗೆ ಕೋವಿಡ್. ಸ್ಟೇಡಿಯಂಗಳು ಖಾಲಿ, ಲೀಗಿನ ಆದಾಯ ಕುಸಿಯಿತು. 198.2 ಮಿಲಿಯನ್ ಇದ್ದ ಕ್ಯಾಪ್ 2021ಕ್ಕೆ 182.5ಕ್ಕೆ ಇಳಿಯಿತು. ವರ್ಷ ವರ್ಷ ಏರುತ್ತದೆ ಅಂತ ನಂಬಿ ಕೂತಿದ್ದ ನನಗೆ ಕಾಲ ಕೆಳಗಿನ ನೆಲವೇ ಜಾರಿದ ಹಾಗಾಯಿತು. ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಒಂದು ಸಾಲನ್ನು ಎಷ್ಟು ಸಲ ಕೂಡಿದೆನೋ. ಇಟ್ಟುಕೊಂಡರೆ ಸಂಬಳ 8, ಹಳೇ ಕಂತು 6, ಹೊಸ ಕಂತು 1, ಒಟ್ಟು 15. ಕೈಬಿಟ್ಟರೆ ಹಳೆಯದು ಮೂರು ಆರಲೆ 18, ಹೊಸದು 3, ಒಟ್ಟು 21. ಆಡಲಾಗದವನನ್ನು ಕಳಿಸೋದಕ್ಕೆ ಇಟ್ಟುಕೊಳ್ಳುವುದಕ್ಕಿಂತ 6 ಜಾಸ್ತಿ! ಹೆಂಡತಿ ಬಂದು "ಏನ್ರೀ, ಬ್ಯಾಂಕಿಂದ ಏನಾದ್ರೂ ಬಂತಾ?" ಅಂತ ಕೇಳಿದಳು. ಮುಖ ಹಾಗಿತ್ತಂತೆ.

ನಮ್ಮ ಲೀಗಿನಲ್ಲಿ ದಾವಣಗೆರೆಯವರೊಬ್ಬರಿದ್ದಾರೆ, ವೃತ್ತಿಯಲ್ಲಿ ಅಕೌಂಟೆಂಟ್, ವಯಸ್ಸಿನಲ್ಲಿ ದೊಡ್ಡವರು. ಅವರಿಗೆ ಫೋನ್ ಮಾಡಿದೆ. "ಅಣ್ಣ, ಏನು ಮಾಡ್ಲಿ?" ಅಂದೆ. "ನೀನು ಈ ವರ್ಷದ ಕಾಲಂ ಒಂದನ್ನೇ ನೋಡ್ತೀಯ ಕಣೋ," ಅಂದರು. "ಪ್ರತಿಯೊಬ್ಬನ ಮುಂದೆ ಇನ್ನೊಂದು ಕಾಲಂ ಹಾಕು. ಇವತ್ತು ಕಳಿಸಿದ್ರೆ ಎಷ್ಟು ಬಾಕಿ ಅಂತ. ಅದು ಕಣ್ಣಿಗೆ ಕಾಣ್ತಾ ಇದ್ರೆ ಕೈ ತಾನಾಗೇ ಬಿಗಿ ಆಗುತ್ತೆ."

ಜೂನ್ 1ರ ನಿಯಮ ನೆನಪಿಸಿದ್ದೂ ಅವರೇ. ಜೂನ್ 1 ದಾಟಿದ ಮೇಲೆ ಕೈಬಿಟ್ಟರೆ ಆ ವರ್ಷದ ಕಂತು ಮಾತ್ರ ಆ ವರ್ಷಕ್ಕೆ, ಉಳಿದಿದ್ದು ಮುಂದಿನ ವರ್ಷಕ್ಕೆ. ಎನ್‌ಎಫ್‌ಎಲ್‌ನಲ್ಲಿ ಒಂದು ತಂಡ ಇಬ್ಬರನ್ನು ಮಾರ್ಚ್‌ನಲ್ಲೇ ಕಳಿಸಿ ಜೂನ್ 1ರ ಲೆಕ್ಕಕ್ಕೆ ಹಾಕಬಹುದು, ಆದರೆ ಉಳಿತಾಯದ ಜಾಗ ಕೈಗೆ ಸಿಗೋದು ಜೂನ್‌ನಲ್ಲೇ. ನಮ್ಮ ಹರಾಜು ಆಗಸ್ಟ್‌ನಲ್ಲಿ ಇರೋದರಿಂದ ನನಗೆ ಅದು ಸಾಕಾಗಿತ್ತು. 21 ಒಡೆದು 2021ಕ್ಕೆ 7, 2022ಕ್ಕೆ 14 ಆಯಿತು. ಎರಡೂ ವರ್ಷ ಕೊನೆಯ ಮೂರರಲ್ಲಿದ್ದೆ.

ಆ ದಿನದಿಂದ ನನ್ನ ಎಕ್ಸೆಲ್ ಹಾಳೆಯಲ್ಲಿ "ಬಾಕಿ" ಅಂತ ಕೆಂಪು ಕಾಲಂ ಇದೆ. ಒಪ್ಪಂದ ಬರೆಯುವ ಮೊದಲು ಅದನ್ನೇ ತುಂಬುತ್ತೇನೆ. ಕ್ಯಾಪ್ ಹಿಟ್ ಆಮೇಲೆ. ಕ್ಯಾಪ್ ಹಿಟ್‌ಗಿಂತ ಬಾಕಿ ದೊಡ್ಡದಾಗಿರುವ ವರ್ಷಗಳೆಲ್ಲ ಆ ಆಟಗಾರ ನನ್ನ ಕೈ ಕಟ್ಟಿಹಾಕಿರುವ ವರ್ಷಗಳು. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಆದರೆ ಅಂಥ ಮೂರು ವರ್ಷ ಒಪ್ಪುತ್ತೇನೆ. ರನ್ನಿಂಗ್ ಬ್ಯಾಕ್ ಆದರೆ ಒಂದೇ. ಮತ್ತೆ ರೀಸ್ಟ್ರಕ್ಚರ್ ಮಾಡುವಾಗ ಕೇಳಿಕೊಳ್ಳೋದು ಒಂದೇ ಪ್ರಶ್ನೆ. ಜಾಗ ಬೇಕಿಲ್ಲದಿದ್ದರೂ ಇವನನ್ನು ಇನ್ನೂ ಎರಡು ವರ್ಷ ಇಟ್ಟುಕೊಳ್ಳುತ್ತಿದ್ದೆನಾ? ಹೌದು ಅಂದರೆ ಮಾತ್ರ ಮುಟ್ಟುತ್ತೇನೆ.

ಹಾಗಂತ ಮುಂದಕ್ಕೆ ತಳ್ಳೋದೇ ತಪ್ಪು ಅಂತಲ್ಲ. ಕೆಲವರು ಇದರಲ್ಲಿ ಎಡವುತ್ತಾರೆ ಅನ್ನಿಸುತ್ತದೆ ನನಗೆ. ಕ್ಯಾಪ್ 2021ರಲ್ಲಿ 182.5 ಇದ್ದದ್ದು 2024ಕ್ಕೆ 255.4, 2025ಕ್ಕೆ 279.2 ಆಯಿತು. ನನ್ನ ಆ 14 ಮಿಲಿಯನ್ 2021ರ ಕ್ಯಾಪ್‌ನಲ್ಲಿ ನೂರಕ್ಕೆ ಏಳೂವರೆಗಿಂತ ಜಾಸ್ತಿ, 2025ರ ಕ್ಯಾಪ್‌ನಲ್ಲಿ ನೂರಕ್ಕೆ ಐದು. ಅದೇ ಬಾಕಿ, ಆದರೆ ಭಾರ ಕಡಿಮೆ. ಇಲ್ಲಿನ ಫಿಲಡೆಲ್ಫಿಯಾ ಈಗಲ್ಸ್ ತಂಡದ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಮಾಡೋದು ಇದನ್ನೇ. ಒಪ್ಪಂದದ ಕೊನೆಗೆ ವಾಯ್ಡ್ ಇಯರ್ ಅಂತ ಆಟವೇ ಇಲ್ಲದ ವರ್ಷಗಳನ್ನು ಸೇರಿಸಿ ಕಂತು ಹರಡುತ್ತಾರೆ. ಅವರು ತಳ್ಳೋದು ಹೆಚ್ಚಾಗಿ ತಂಡದಲ್ಲೇ ಉಳಿಯುವ, ಇನ್ನೂ ವಯಸ್ಸಿರುವ ಆಟಗಾರರ ಬಾಕಿಯನ್ನು. ನಾನು ತಳ್ಳಿದ್ದು ಸವೆದುಹೋಗುತ್ತಿದ್ದ ಮಂಡಿಯ ಬಾಕಿಯನ್ನು.

ಡೆಡ್ ಮನಿ ಬಂದ ಕೂಡಲೇ ತಂಡ ಮುಳುಗುತ್ತದೆ ಅನ್ನೋದೂ ಸುಳ್ಳು. 2024ರ ಮಾರ್ಚ್‌ನಲ್ಲಿ ಡೆನ್ವರ್ ಬ್ರಾಂಕೋಸ್ ತಂಡ ಕ್ವಾರ್ಟರ್‌ಬ್ಯಾಕ್ ರಸಲ್ ವಿಲ್ಸನ್ ಅವರನ್ನು ಕೈಬಿಟ್ಟಾಗ ಎರಡು ವರ್ಷ ಸೇರಿ ಸುಮಾರು 85 ಮಿಲಿಯನ್ ಡಾಲರ್ ಡೆಡ್ ಮನಿ ಹೊತ್ತುಕೊಂಡಿತು. ಆಗಿನ ಮಟ್ಟಿಗೆ ದಾಖಲೆ ಮೊತ್ತ ಅದು. ಅದೇ ವರ್ಷ ಹೊಸ ಹುಡುಗ ಬೋ ನಿಕ್ಸ್ ಅವರನ್ನು ಕ್ವಾರ್ಟರ್‌ಬ್ಯಾಕ್ ಮಾಡಿಕೊಂಡು 10 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು. ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಬಂದ ಹುಡುಗನ ಸಂಬಳ ನಾಲ್ಕು ವರ್ಷ ಕಡಿಮೆಯಲ್ಲೇ ಇರುತ್ತದೆ, ಆ ಉಳಿತಾಯವೇ ಹಳೇ ಬಾಕಿಯನ್ನು ನುಂಗಿತು.

ಈಗ ಫ್ರೀ ಏಜೆಂಟ್‌ಗಳ, ಅಂದರೆ ಒಪ್ಪಂದ ಇಲ್ಲದೆ ಯಾವ ತಂಡಕ್ಕಾದರೂ ಹೋಗಬಹುದಾದವರ ವಿಷಯ. ನಮ್ಮ ಹರಾಜಿನಲ್ಲಿ ಮೊದಲ ಒಂದು ಗಂಟೆ ಎಲ್ಲರ ಜೇಬೂ ತುಂಬಿರುತ್ತದೆ. ಬೆಲೆ ಆಕಾಶಕ್ಕೆ ಹೋಗುತ್ತದೆ. ಎನ್‌ಎಫ್‌ಎಲ್‌ನಲ್ಲೂ ಮಾರ್ಚ್‌ನಲ್ಲಿ ಈ ಖರೀದಿ ಶುರುವಾದ ಮೊದಲೆರಡು ದಿನ ಹೀಗೇ. ಆ ಗಂಟೆಯಲ್ಲಿ ನಾನು ಕಾಫಿ ಕುಡಿಯುತ್ತಾ, ನನಗೆ ಬೇಡದ ಆದರೆ ಬೇರೆಯವರು ಬಿಡದ ಹೆಸರುಗಳನ್ನು ಹರಾಜಿಗೆ ಕೂಗುತ್ತೇನೆ. ಮೂರನೇ ಗಂಟೆಗೆ ನನ್ನ ಕೆಲಸ ಶುರು. ಎಲ್ಲ ಒಂದೇ ವರ್ಷದ ಒಪ್ಪಂದ, ಬೋನಸ್ ಸೊನ್ನೆ, ಬಾಕಿಯೂ ಸೊನ್ನೆ.

2024ರಲ್ಲಿ ಈಗಲ್ಸ್ ದುಬಾರಿ ಖರೀದಿ, ಅಗ್ಗದ ಖರೀದಿ ಎರಡನ್ನೂ ಮಾಡಿ ತೋರಿಸಿದರು. ಸಕ್ವಾನ್ ಬಾರ್ಕ್ಲಿ ಅವರಿಗೆ 3 ವರ್ಷಕ್ಕೆ 37.75 ಮಿಲಿಯನ್ ಕೊಟ್ಟರು, ಅವರು ಆ ಸೀಸನ್‌ನಲ್ಲಿ 2,005 ಗಜ ಓಡಿದರು. ರನ್ನಿಂಗ್ ಬ್ಯಾಕ್‌ಗೆ ಒಂದೇ ವರ್ಷ ಅನ್ನುವ ನನ್ನ ನಿಯಮ ಅಲ್ಲಿ ಸೋತಿತು, ಒಪ್ಪುತ್ತೇನೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಝ್ಯಾಕ್ ಬಾನ್. ಒಂದು ವರ್ಷ, 3.5 ಮಿಲಿಯನ್. ಯಾರೂ ಸುದ್ದಿ ಮಾಡಲಿಲ್ಲ. ಆತ ಆಲ್-ಪ್ರೋ (ಆ ಸೀಸನ್‌ನ ಅತ್ಯುತ್ತಮ ಆಟಗಾರರ ಪಟ್ಟಿ) ಆದರು, ತಂಡ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಚೀಫ್ಸ್ ವಿರುದ್ಧ 40-22ರಿಂದ ಗೆದ್ದಿತು. ಗೆದ್ದ ಸುಮಾರು ಒಂದು ತಿಂಗಳಿಗೇ ಜಾಶ್ ಸ್ವೆಟ್, ಮಿಲ್ಟನ್ ವಿಲಿಯಮ್ಸ್ ಇಬ್ಬರನ್ನೂ ಬೇರೆ ತಂಡಗಳು ಹೆಚ್ಚು ದುಡ್ಡು ಕೊಟ್ಟು ಕೊಂಡೊಯ್ದವು, ಈಗಲ್ಸ್ ತಡೆಯಲಿಲ್ಲ. ಹೀಗೆ ಒಪ್ಪಂದ ಮುಗಿದು ಹೋದವರ ಬದಲಿಗೆ ಕಾಂಪೆನ್ಸೇಟರಿ ಪಿಕ್, ಅಂದರೆ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ, ಸಿಗುವ ವ್ಯವಸ್ಥೆ ಎನ್‌ಎಫ್‌ಎಲ್‌ನಲ್ಲಿದೆ. ಕೈಬಿಟ್ಟು ಕಳಿಸಿದವರಿಗೆ ಅದು ಸಿಗೋದಿಲ್ಲ. ನನಗೆ ಇದು ತುಂಬಾ ಇಷ್ಟವಾದ ನಿಯಮ, ನಮ್ಮ ಲೀಗಿಗೂ ತರಬೇಕು ಅಂತ ಎರಡು ವರ್ಷದಿಂದ ಗಲಾಟೆ ಮಾಡುತ್ತಿದ್ದೇನೆ.

ಸದ್ಯ ನನ್ನ ಹಾಳೆಯಲ್ಲಿ ಒಟ್ಟು ಬಾಕಿ 19. ಅದರಲ್ಲಿ 12 ಒಬ್ಬ ಕ್ವಾರ್ಟರ್‌ಬ್ಯಾಕ್‌ನದ್ದು. ಉಳಿದ 7 ಒಬ್ಬ ರಿಸೀವರ್‌ನದ್ದು, ಅವನಿಗೆ ಬರುವ ವರ್ಷ 30 ತುಂಬುತ್ತದೆ. ದಾವಣಗೆರೆ ಅಣ್ಣ ಅವನನ್ನು ಟ್ರೇಡ್‌ನಲ್ಲಿ ಕೇಳಿದ್ದಾರೆ. ಟ್ರೇಡ್ ಮಾಡಿದರೆ ಸಂಬಳ ಅವರಿಗೆ ಹೋಗುತ್ತದೆ, ಬಾಕಿ 7 ನನ್ನ ಹತ್ತಿರವೇ ಉಳಿಯುತ್ತದೆ. ಭಾನುವಾರದೊಳಗೆ ಹೇಳಬೇಕು. ಕೊಡೋಣ ಅಂತಲೇ ಇದ್ದೇನೆ.